ಶುಕ್ರವಾರದ ಡಬ್ಬ

ಆಷಾಢದ ಗಾಳಿ ಎದ್ದಿತ್ತು. ಮಳೆ ಎನ್ನುವಂಥ ಮಳೆಯಿಲ್ಲ. ನೆಲ ಒಣಗುವುದಕ್ಕೆ ಬಿಡದಂತೆ ಜಿಟಿಜಿಟಿ ಹನಿ ಬಂದು ಬಂದು ಹೋಗುತ್ತಿತ್ತು. ತುಮಕೂರಿನ ಉಪ್ಪಾರಹಳ್ಳಿಯ ಓಣಿಯೊಂದರಲ್ಲಿ, ಮನೆಯ ಹಿಂದಿನ ಲಾಯದಲ್ಲಿ, ಖುರ್ಷಿದಾ ಬೇಗಂ ಬಗ್ಗಿ ನಿಂತು ಜಟಕಾದ ಕುದುರೆ ನೂರಿಯ ಹಿಂಗಾಲನ್ನು ಮೊಣಕಾಲಿಗೆ ಆನಿಸಿಕೊಂಡು ಗೊರಸಿನ ಸಂದಿಗೆ ಸಿಕ್ಕಿದ್ದ ಹಸಿಮಣ್ಣನ್ನು ಕಬ್ಬಿಣದ ಕಡ್ಡಿಯಿಂದ ಬಿಡಿಸುತ್ತಿದ್ದಳು. ತೇವದ ಕಾಲದಲ್ಲಿ ಗೊರಸು ಕೊಳೆಯುವುದಕ್ಕೆ ಹೆಚ್ಚು ದಿನ ಬೇಕಿಲ್ಲ. ಬಿಡಿಸಿ, ಒರೆಸಿ, ಬೇವಿನೆಣ್ಣೆಯಲ್ಲಿ ಅದ್ದಿದ ಬಟ್ಟೆ ಒತ್ತಿದಳು. ನೂರಿ ಕಿವಿ ಹಿಂದಕ್ಕೆ ಮಾಡಿ ದೊಡ್ಡದಾಗಿ ಉಸಿರು ಬಿಟ್ಟಿತು.

ಬೆಳ್ಳಾವಿಯಿಂದ ಹುಲ್ಲು ತರುವ ಕರಿಬಸಮ್ಮ ತಲೆಯ ಮೇಲಿನ ಹೊರೆಯನ್ನು ಧೊಪ್ಪನೆ ಇಳಿಸಿದಳು. ಮೊದಲ ಮಳೆಗೆ ಚಿಗುರಿದ ಗರಿಕೆ, ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಖುರ್ಷಿದಾ ಅದನ್ನು ಕುದುರೆಯ ಮುಂದೆ ಹಾಕಲಿಲ್ಲ. ಜಗಲಿಯ ಮೇಲೆ ತೆಳ್ಳಗೆ ಹರಡಿದಳು.

"ನನ್ನ ಹುಲ್ಲೇನು ಮದುವೆ ಹೆಣ್ಣೇನಮ್ಮ, ಹಿಂಗೆ ಹರಡಿ ಹರಡಿ ನೋಡ್ತೀಯ?" ಎಂದಳು ಕರಿಬಸಮ್ಮ.

"ಹೊಸ ಹುಲ್ಲು ಕಣೇ, ಹಸಿ ಹಸಿ ತಿಂದ್ರೆ ಹೊಟ್ಟೆ ಉಬ್ಬರಿಸುತ್ತೆ. ಆರಲಿ. ಆಮೇಲೆ ರಾಗಿ ಹುಲ್ಲಿನ ಜೊತೆ ಬೆರೆಸಿ ಹಾಕ್ತೀನಿ."

"ನಮ್ಮೂರ ದನ ಹಂಗೇ ಮೇಯ್ತವೆ ಬುಡು."

"ದನಕ್ಕೆ ನಾಲ್ಕು ಹೊಟ್ಟೆ, ಮೆಲುಕು ಹಾಕುತ್ತೆ. ಇದಕ್ಕಿರೋದು ಒಂದೇ. ಅದೂ ನನ್ನ ಹೊಟ್ಟೆ ಥರ, ಏನು ಹೇಳಿದ್ರೂ ಕೇಳಲ್ಲ."

ಕರಿಬಸಮ್ಮ ನಗುತ್ತಾ ಸಿಂಬೆ ಕೊಡವಿಕೊಂಡು ಹೊರಟಳು.

ಖುರ್ಷಿದಾಳ ಅಪ್ಪ ಕುಣಿಗಲ್ಲಿನ ಕುದುರೆ ಫಾರಮ್ಮಿನಲ್ಲಿ ಕುದುರೆ ನೋಡಿಕೊಳ್ಳುವ ಕೆಲಸದಲ್ಲಿದ್ದವನು. ಹುಡುಗಿಯಾಗಿದ್ದಾಗ ಅವನಿಗೆ ಬುತ್ತಿ ಒಯ್ಯುತ್ತಾ ಕಣ್ಣಲ್ಲಿ ಕಂಡದ್ದೆಲ್ಲ ಅವಳ ಕೈಗೆ ಬಂದಿತ್ತು. ಬೇಸಿಗೆಯಲ್ಲಿ ಹುರುಳಿಯನ್ನು ನೆನೆಸಿ ತಣ್ಣಗೆ, ಒಂದು ಚಿಟಿಕೆ ಉಪ್ಪು ಹಾಕಿ. ಚಳಿಯಲ್ಲಿ ಬೇಯಿಸಿ, ಓಮ ಬೆಲ್ಲ ಸೇರಿಸಿ, ಬೆಚ್ಚಗೆ. ಬೆವರು ಆರುವ ಮುಂಚೆ ನೀರಿಲ್ಲ. ನೀರು ಕುಡಿಸುವ ಮುಂಚೆ ಕಾಳಿಲ್ಲ. ಯಾಕೆ ಎಂದು ಕೇಳಿದರೆ ಅರ್ಧಕ್ಕೆ ಅವಳ ಹತ್ತಿರ ಉತ್ತರವಿತ್ತು, ಇನ್ನರ್ಧಕ್ಕೆ "ಅಪ್ಪ ಹಂಗೇ ಮಾಡ್ತಿದ್ರು" ಎನ್ನುತ್ತಿದ್ದಳು.

ಲಾಯದ ಗೂಡಿನಲ್ಲಿ ಹುರುಳಿ ಅಳೆಯುವುದಕ್ಕೆ ಎರಡು ಡಬ್ಬ ಇದ್ದವು. ದೊಡ್ಡದು ಡಾಲ್ಡಾ ಡಬ್ಬ, ಹೊರಗೆ ಹಸಿರು ಮರದ ಚಿತ್ರ ಇನ್ನೂ ಮಾಸಿರಲಿಲ್ಲ. ಚಿಕ್ಕದು ಯಾವ ಕಾಲದ್ದೋ ಹಾಲಿನಪುಡಿಯ ಡಬ್ಬ, ಅಂಚು ನೆಗ್ಗಿತ್ತು. ದೊಡ್ಡದರ ಅರ್ಧ ಹಿಡಿಸುತ್ತಿತ್ತು. ಗಾಡಿ ಕಟ್ಟುವ ದಿನ ದೊಡ್ಡದು. ಶುಕ್ರವಾರ ಗಂಡ ಅಜ್ಮತುಲ್ಲಾ ಜಟಕಾ ಕಟ್ಟುತ್ತಿರಲಿಲ್ಲ, ನಮಾಜಿಗೆ ಹೋಗುತ್ತಿದ್ದ. ಅವತ್ತು ಚಿಕ್ಕ ಡಬ್ಬ. ಜೊತೆಗೆ ಒದ್ದೆ ಬೂಸಾ, ಹುಲ್ಲು ಬೇಕಾದಷ್ಟು, ಸಂಜೆ ಹಗ್ಗ ಹಿಡಿದು ಓಣಿಯ ತುದಿಯವರೆಗೆ ಒಂದು ನಡಿಗೆ.

ಮದುವೆಯಾದ ಹೊಸದರಲ್ಲಿ ಇದನ್ನು ಗಂಡನಿಗೆ ಹೇಳಿದ್ದಳು. ನಿಂತ ದಿನ ಕಾಳು ಪೂರ್ತಿ ಕೊಟ್ಟರೆ ಮಾರನೆ ದಿನ ಕುದುರೆಯ ಸೊಂಟ ಹಿಡಿಯುತ್ತದೆ ಎಂದು. ಅವನು ನಕ್ಕುಬಿಟ್ಟಿದ್ದ. ನಕ್ಕು ಸುಮ್ಮನಾಗದೆ ಸ್ಟೇಷನ್ನಿನ ಮುಂದಿನ ಜಟಕಾ ಸ್ಟ್ಯಾಂಡಿನಲ್ಲೂ ಹೇಳಿಕೊಂಡಿದ್ದ. "ನಮ್ಮೋಳು ಹೊಟ್ಟೆಗೂ ರಜಾ ಕೊಡ್ತಾಳೆ ಕಣ್ರೋ" ಎಂಬ ಮಾತು ಹಲವು ವರ್ಷ ಅಲ್ಲಿ ಓಡಾಡಿತು. ಅವಳು ಮತ್ತೆ ಹೇಳಲು ಹೋಗಲಿಲ್ಲ. ಚಿಕ್ಕ ಡಬ್ಬವನ್ನು ಬಿಡಲೂ ಇಲ್ಲ. ಪ್ರತಿ ಶುಕ್ರವಾರ ಅವನು, "ನಿಮ್ಮಪ್ಪನ ಮನೆ ಕೈ ಬಿಗಿ" ಎನ್ನುವನು. ಅವಳು ಕೇಳದವಳಂತೆ ಹುರುಳಿ ಸುರಿಯುವಳು.

ಆ ಆಷಾಢದಲ್ಲೇ ಅಜ್ಮತುಲ್ಲಾ ಜಟಕಾದಿಂದ ಜಾರಿ ಬಿದ್ದ. ಒದ್ದೆಯಾದ ಮೆಟ್ಟಿಲ ಮೇಲೆ ಕಾಲಿಟ್ಟಿದ್ದೇ ನೆಪ, ಮೊಣಕಾಲಿನ ಚಿಪ್ಪು ಸೀಳಿತು. ಸಂಕ್ರಾಂತಿವರೆಗೆ ಗಾಡಿ ಹತ್ತಬಾರದೆಂದು ಆಸ್ಪತ್ರೆಯಲ್ಲಿ ಹೇಳಿದರು. ಕುದುರೆಯನ್ನು ಅಷ್ಟು ತಿಂಗಳು ಸುಮ್ಮನೆ ಕಟ್ಟಿ ಮೇಯಿಸುವುದಕ್ಕೆ ಅವರಿಂದಾಗುತ್ತಿರಲಿಲ್ಲ. ಸ್ಟೇಷನ್ನಿಗೆ ಆಟೋಗಳು ಬಂದು ನಿಲ್ಲತೊಡಗಿದ್ದ ಕಾಲ. ಮಾರಿದರೆ ಇನ್ನೊಂದು ಕುದುರೆ ಕಟ್ಟುವ ಮಾತು ಮುಗಿದಂತೆಯೇ.

ಆಗ ನೆನಪಾದವನು ಗುಬ್ಬಿಯ ಪರಮಶಿವಯ್ಯ, ಕೊಬ್ಬರಿ ವ್ಯಾಪಾರದವನು. ಸಂತೆಯ ದಿನ ರೈಲಿನಲ್ಲಿ ತುಮಕೂರಿಗೆ ಬಂದಾಗೆಲ್ಲ ಅಜ್ಮತುಲ್ಲಾನ ಜಟಕಾವನ್ನೇ ಹತ್ತುತ್ತಿದ್ದ. ಸುತ್ತಲ ಹಳ್ಳಿಗಳಿಗೆ ಹೋಗಿ ಕೊಬ್ಬರಿ ನೋಡಿ ಬರುವುದಕ್ಕೆ ಎತ್ತಿನ ಗಾಡಿಯಲ್ಲಿ ದಿನವೆಲ್ಲ ಹಿಡಿಯುತ್ತದೆಂದು ಗೊಣಗುತ್ತಿದ್ದ. ಮಾತು ಕುದುರಿತು. ಕುದುರೆಯೂ ಗಾಡಿಯೂ ಸಂಕ್ರಾಂತಿವರೆಗೆ ಗುಬ್ಬಿಯಲ್ಲಿರುವುದು, ದುಡಿಸಿಕೊಳ್ಳುವವನೇ ಮೇವು ಹಾಕುವುದು, ಬೇರೆ ಲೆಕ್ಕವಿಲ್ಲ.

ಕಳಿಸುವ ದಿನ ಖುರ್ಷಿದಾ ಗೋಣಿಚೀಲಕ್ಕೆ ಮಾಲೀಸಿನ ಬ್ರಷ್ಷು, ಗೊರಸಿನ ಕಡ್ಡಿ, ಎರಡೂ ಡಬ್ಬ ತುಂಬಿದಳು. "ಚಿಕ್ಕದು ಗಾಡಿ ಕಟ್ಟದ ದಿನಕ್ಕೆ. ಆ ಮನೆಯ ಅಮ್ಮನಿಗೆ ಹೇಳಿ" ಎಂದಳು. ಅಜ್ಮತುಲ್ಲಾ ಹೂಂ ಎಂದ. ಕೋಲೂರಿಕೊಂಡು ಗಾಡಿ ಹೊಡೆಯಲು ಬಂದಿದ್ದ ಅಳಿಯನ ಪಕ್ಕದಲ್ಲಿ ಕೂತು ಗುಬ್ಬಿಯವರೆಗೆ ಹೋದ. ಊರ ಹತ್ತಿರ ಬಂದಾಗ ಅವನಿಗೆ ಏನನ್ನಿಸಿತೋ, ಚಿಕ್ಕ ಡಬ್ಬವನ್ನು ಚೀಲದಿಂದ ತೆಗೆದು ಸೀಟಿನ ಕೆಳಗಿನ ಪೆಟ್ಟಿಗೆಯ ಮೂಲೆಗೆ ತಳ್ಳಿ ಮೇಲೆ ಹುಲ್ಲು ಮುಚ್ಚಿದ. ಅವರು ತುಂಬಿದ ಮನೆಯವರು. ಸಾಬರು ಕುದುರೆಗೆ ಅರ್ಧ ಹೊಟ್ಟೆ ಹಾಕುತ್ತಿದ್ದರು ಎಂದುಕೊಂಡರೆ?

ಪರಮಶಿವಯ್ಯನ ಹೆಂಡತಿ ಸರ್ವಮಂಗಳ ಅಂಗಳದಲ್ಲೇ ಕುದುರೆಯ ಕಾಲಿಗೆ ನೀರು ಹಾಕಿ ಹಣೆಗೆ ವಿಭೂತಿ ಇಡಲು ಕೈ ಎತ್ತಿದವಳು ತಡೆದು, "ನಿಮ್ಮೋರಿಗೆ ಬೇಜಾರಿಲ್ಲ ತಾನೆ?" ಎಂದು ಕೇಳಿದಳು.

"ಕುದುರೆಗೆ ಬೇಜಾರಿಲ್ಲದಿದ್ರೆ ನಂಗ್ಯಾಕಮ್ಮ?" ಎಂದ ಅಜ್ಮತುಲ್ಲಾ. ನೂರಿ ಅವಳ ಬೆರಳು ಮೂಸಿ ಸುಮ್ಮನೆ ನಿಂತಿತ್ತು.

"ನಮ್ಮನೇಲಿ ಇದುವರೆಗೂ ಎತ್ತೇ. ಇದಕ್ಕೆ ಏನೇನು ನೋಡ್ಕೋಬೇಕು ಹೇಳಿ. ಸೋಮವಾರ ನಾವು ಬಸವಣ್ಣನಿಗೆ ನೊಗ ಹೇರಲ್ಲ. ಇದನ್ನೂ ಕಟ್ಟಲ್ಲ. ಅವತ್ತಿಗೆ ಏನಾದ್ರೂ ಬೇರೆ ಉಂಟಾ?"

ಅಜ್ಮತುಲ್ಲಾ ಒಂದು ಗಳಿಗೆ ಪೆಟ್ಟಿಗೆಯ ಕಡೆ ನೋಡಿದ. "ಬೇರೆ ಏನಿಲ್ಲ ತಾಯಿ. ಎಲ್ಲಾ ದಿನವೂ ಒಂದೇ" ಎಂದ.

ಶ್ರಾವಣ, ಭಾದ್ರಪದ, ಆಶ್ವಯುಜ ಚೆನ್ನಾಗಿಯೇ ಕಳೆದವು. ಸೋಮವಾರ ನೂರಿಯನ್ನು ತೆಂಗಿನ ತೋಟದಲ್ಲಿ ಉದ್ದ ಹಗ್ಗ ಕಟ್ಟಿ ಬಿಡುತ್ತಿದ್ದರು. ಅದು ದಿನವೆಲ್ಲ ಮೇಯುತ್ತಾ ನಡೆದಾಡುತ್ತಿತ್ತು. ಸರ್ವಮಂಗಳಳ ಕೈಯಲ್ಲಿ ಮೈ ತುಂಬಿ, ಕಂದು ಬಣ್ಣಕ್ಕೆ ಹೊಳಪು ಬಂತು. "ನಿಮ್ಮ ಕುದುರೆ ಈಗ ಸಾವ್ಕಾರ್ತಿ ಆಗಿದೆ" ಎಂದು ಪರಮಶಿವಯ್ಯ ಸಂತೆಗೆ ಬಂದಾಗ ಹೇಳಿ ಹೋದ. ಅಜ್ಮತುಲ್ಲಾ ಅದನ್ನು ಹೆಂಡತಿಗೆ ಬೇಕೆಂದೇ ಎರಡು ಸಲ ಹೇಳಿದ.

ಕಾರ್ತಿಕದಲ್ಲಿ ಚಳಿ ಬಿತ್ತು. ಅದೊಂದು ಭಾನುವಾರ ಪರಮಶಿವಯ್ಯ ನೆಂಟರ ಮದುವೆಗೆ ಹೋಗಿದ್ದರಿಂದ ಗಾಡಿ ಹೊರಡಲಿಲ್ಲ. ಮಾರನೆ ದಿನ ಕಾರ್ತಿಕ ಸೋಮವಾರ. ಇಬ್ಬನಿ ದಟ್ಟವಾಗಿತ್ತೆಂದು ಕುದುರೆಯನ್ನು ತೋಟಕ್ಕೂ ಬಿಡಲಿಲ್ಲ. ಕೊಟ್ಟಿಗೆಯಲ್ಲೇ ಎತ್ತುಗಳ ಪಕ್ಕ ನಿಂತಿತು. ಸರ್ವಮಂಗಳ ಉಪವಾಸವಿದ್ದು, ಸಂಜೆ ದೀಪ ಹಚ್ಚಿ, ಎತ್ತುಗಳಿಗೂ ಕುದುರೆಗೂ ಸಮನಾಗಿ ಹಬ್ಬದ ಮೇವು ಬಡಿಸಿದಳು. ಡಬ್ಬ ತುಂಬ ಬೆಂದ ಹುರುಳಿ, ಮೇಲೊಂದು ಡಬ್ಬ, ಕೊಬ್ಬರಿ ಹಿಂಡಿ, ಬೆಲ್ಲ. ತಾನು ಉಂಡದ್ದು ಅದಾದ ಮೇಲೆ.

ಮಂಗಳವಾರ ಬೆಳಿಗ್ಗೆ ಪರಮಶಿವಯ್ಯ ಗಾಡಿ ಕಟ್ಟಿಸಿ ನಿಟ್ಟೂರು ರಸ್ತೆ ಹಿಡಿದ. ನೂರಿ ಕುಣಿಯುವಂತೆ ಹೊರಟಿತು. ಊರು ದಾಟಿ ಸ್ವಲ್ಪ ದೂರಕ್ಕೇ ಅದರ ಮೈಯಿಂದ ಬೆವರು ಇಳಿಯತೊಡಗಿತು. ಹೆಜ್ಜೆ ಕುಗ್ಗಿತು. ಹಿಂಗಾಲೆರಡೂ ಮರದ ಕಾಲಿನಂತೆ ಸೆಟೆದು ನಿಂತವು. ಗದರಿದರೆ ನಡುಗಿತೇ ಹೊರತು ಕಾಲು ಎತ್ತಲಿಲ್ಲ. ಹೊಟ್ಟೆನೋವಿರಬೇಕು, ನಡೆಸಿದರೆ ಸರಿಹೋಗುತ್ತದೆ ಎಂದು ದಾರಿಯಲ್ಲಿ ಸೇರಿದವರು ಹೇಳಿದರು. ಎಳೆದು ನಾಲ್ಕು ಹೆಜ್ಜೆ ಹಾಕಿಸಿದಾಗ ಅದು ಕಾಫಿ ಡಿಕಾಕ್ಷನ್ನಿನ ಬಣ್ಣದ ಉಚ್ಚೆ ಹೊಯ್ದಿತು. ದನದ ಡಾಕ್ಟರಿಗೆ ಹೇಳಿಕಳಿಸಿದರೆ ಅವರು ಯಾವುದೋ ಹಳ್ಳಿಯ ಕ್ಯಾಂಪಿಗೆ ಹೋಗಿದ್ದರು. ತುಮಕೂರು ಬಸ್ಸಿನ ಕಂಡಕ್ಟರನ ಕೈಲಿ ಅಜ್ಮತುಲ್ಲಾನಿಗೆ ಸುದ್ದಿ ಕೊಟ್ಟ.

ಸುದ್ದಿ ಬಂದಾಗ ಅಜ್ಮತುಲ್ಲಾ ಒಬ್ಬನೇ ಹೊರಟಿದ್ದ. ಖುರ್ಷಿದಾ ಬುರ್ಖಾ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ನಾನೂ ಬರ್ತೀನಿ" ಎಂದಳು, ಅಷ್ಟೇ.

ಅವರು ಬಸ್ಸಿಳಿದು ಬಂದಾಗ ರಸ್ತೆಯ ಪಕ್ಕ ಜನ ನೆರೆದಿತ್ತು. ಇಬ್ಬರು ಹಗ್ಗ ಎಳೆಯುತ್ತಿದ್ದರು, ಒಬ್ಬ ಹಿಂದಿನಿಂದ ತಳ್ಳುತ್ತಿದ್ದ. "ನಡೆಸ್ರಪ್ಪ, ನಡೆಸಿ, ನಿಲ್ಲೋಕೆ ಬಿಡಬೇಡಿ" ಎಂದು ಅಜ್ಮತುಲ್ಲಾನೂ ಕುಂಟುತ್ತಾ ಕೂಗಿದ.

"ಬೇಡ!" ಖುರ್ಷಿದಾಳ ದನಿಗೆ ಹಗ್ಗ ಹಿಡಿದವರು ತಿರುಗಿ ನೋಡಿದರು. ಅವಳು ಹೋಗಿ ಕುದುರೆಯ ಸೊಂಟದ ಮೇಲೆ ಅಂಗೈ ಒತ್ತಿದಳು. ಮಾಂಸ ಕಲ್ಲಾಗಿತ್ತು. "ಇದು ಹೊಟ್ಟೆನೋವಲ್ಲ. ಇನ್ನೂ ನಡೆಸಿದ್ರೆ ಇಲ್ಲೇ ಬೀಳುತ್ತೆ, ಬಿದ್ರೆ ಏಳಲ್ಲ. ಹಗ್ಗ ಬಿಡಿ. ಗಾಡಿ ಕಳಚಿ. ಇದು ಎಲ್ಲಿ ನಿಂತಿದೆಯೋ ಅಲ್ಲೇ ನಿಲ್ಲಲಿ."

"ರಸ್ತೇಲೇ?" ಎಂದ ಪರಮಶಿವಯ್ಯ.

"ರಸ್ತೇಲೇ. ಕಂಬಳಿ ತರಿಸಿ, ಬಿಸಿನೀರು ತರಿಸಿ, ಕುಡಿಯೋಕೂ ನೀರು ಬೇಕು. ಕಾಳು ಮಾತ್ರ ಒಂದೂ ಬೇಡ."

ಸರ್ವಮಂಗಳ ಮನೆಯಿಂದ ಕಂಬಳಿ, ಹಂಡೆ ಹೊರಿಸಿಕೊಂಡು ಬಂದಳು. ಇಬ್ಬರು ಹೆಂಗಸರೂ ಬಿಸಿನೀರಲ್ಲಿ ಗೋಣಿ ಅದ್ದಿ ಹಿಂಡಿ ಕುದುರೆಯ ಸೊಂಟಕ್ಕೆ ಶಾಖ ಕೊಟ್ಟರು. ಬಿಸಿಲು ಏರಿದಾಗ ತೋಟದಿಂದ ತೆಂಗಿನ ಗರಿ ತಂದು, ನಾಲ್ಕು ಕಂಬ ನೆಟ್ಟು, ನಿಂತ ಕುದುರೆಯ ಮೇಲೆಯೇ ಚಪ್ಪರ ಹಾಕಿದರು. ಹಾದುಹೋಗುವ ಲಾರಿಯವರು ತಲೆ ಹೊರಹಾಕಿ, "ಯಾರ ಮದುವೆ?" ಎಂದು ಕೇಳಿದರು.

"ಏನಮ್ಮ ಇದು ಕಾಯಿಲೆ?" ಎಂದು ಸರ್ವಮಂಗಳ ಮೆಲ್ಲಗೆ ಕೇಳಿದಳು.

"ನಮ್ಮಪ್ಪ ಸೋಮವಾರದ ಕಾಯಿಲೆ ಅಂತಿದ್ರು."

ಸರ್ವಮಂಗಳಳ ಕೈ ನಿಂತಿತು. "ಸೋಮವಾರ ಶಿವನ ದಿನ. ಅದಕ್ಕೆ ಕಾಯಿಲೆ ಹೆಸರು ಕಟ್ಟಬೇಡಿ."

"ದಿನದ್ದೇನೂ ತಪ್ಪಿಲ್ಲಮ್ಮ. ನಮ್ಮಪ್ಪ ಕೆಲಸ ಮಾಡ್ತಿದ್ದ ಕುದುರೆ ಫಾರಮ್ಮಲ್ಲಿ ಭಾನುವಾರ ರಜಾ, ಅದಕ್ಕೆ ಸೋಮವಾರ ಬರ್ತಿತ್ತು. ನಮ್ಮನೇಲಿ ಶುಕ್ರವಾರ ರಜಾ, ಬಂದಿದ್ರೆ ಶನಿವಾರ ಬರ್ತಿತ್ತು. ಸುಮ್ಮನೆ ನಿಂತ ದಿನ ಕಾಳು ಪೂರ್ತಿ ತಿಂದು, ಮಾರನೆ ದಿನ ಒಮ್ಮೆಗೇ ಓಡಿದ್ರೆ ಹಿಂಗಾಗುತ್ತೆ. ಎತ್ತಿಗೆ ಆಗಲ್ಲ. ಇದಕ್ಕೆ ಆಗುತ್ತೆ."

ಸರ್ವಮಂಗಳ ತನ್ನ ಅಂಗೈ ನೋಡಿಕೊಂಡಳು. ಮೇಲೊಂದು ಡಬ್ಬ ಸುರಿದದ್ದು ಆ ಕೈಯೇ.

ಒರೆಸಲು ಒಣಬಟ್ಟೆ ಬೇಕಾಗಿ ಖುರ್ಷಿದಾ ಕಳಚಿಟ್ಟಿದ್ದ ಜಟಕಾದ ಹತ್ತಿರ ಹೋಗಿ ಸೀಟಿನ ಕೆಳಗಿನ ಪೆಟ್ಟಿಗೆಯನ್ನು ತಡಕಿದಳು. ಒಣಹುಲ್ಲಿನ ಅಡಿಯಿಂದ ಅವಳ ಕೈಗೆ ಚಿಕ್ಕ ಡಬ್ಬ ಬಂತು. ನೆಗ್ಗಿದ ಅಂಚು ಹಾಗೇ ಇತ್ತು. ಒಳಗೆ ಜೇಡರ ಬಲೆ. ಅಲ್ಲೇ ನಿಂತಿದ್ದ ಅಜ್ಮತುಲ್ಲಾ ನೋಡಿದ. ಅವಳೂ ಅವನನ್ನು ನೋಡಿದಳು. ಡಬ್ಬವನ್ನು ಕೈಚೀಲದೊಳಗೆ ಇಳಿಸಿ, ಬಟ್ಟೆ ತೆಗೆದುಕೊಂಡು ಕುದುರೆಯ ಹತ್ತಿರ ಹೋದಳು.

ಸಂಜೆ ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟರು. ನಡೆಸದೆ ನಿಲ್ಲಿಸಿದ್ದು ಒಳ್ಳೆಯದಾಯಿತು, ಬದುಕುತ್ತದೆ, ಆದರೆ ಸಂಕ್ರಾಂತಿವರೆಗೂ ಗಾಡಿಗೆ ಕಟ್ಟಬೇಡಿ ಎಂದರು. ಎಲ್ಲರೂ ಉಸಿರು ಬಿಟ್ಟಾಗ ಪರಮಶಿವಯ್ಯ ಅಜ್ಮತುಲ್ಲಾನ ಎದುರು ಬಂದು ನಿಂತ.

"ಸಾಬ್ರೆ, ನಂಬಿ ಬಿಟ್ಟ ಮೂಕಪ್ರಾಣಿ, ನಮ್ಮ ಮನೆಯೋಳ ಕೈಯಿಂದ ಹಿಂಗಾಯ್ತು. ನಿಮ್ಮ ಋಣ ನಮ್ಮ ಮೇಲೆ ಬಿತ್ತು. ಹೆಂಗೆ ತೀರಿಸ್ಲಿ ಹೇಳಿ."

ಸರ್ವಮಂಗಳ ಚಪ್ಪರದ ಕಂಬ ಹಿಡಿದು ತಲೆ ತಗ್ಗಿಸಿ ನಿಂತಿದ್ದಳು.

"ಬಿಡಿ ಸಾವ್ಕಾರ್ರೆ," ಎಂದ ಅಜ್ಮತುಲ್ಲಾ. "ಗೊತ್ತಿಲ್ಲದೆ ಆದದ್ದು. ಋಣ ಗಿಣ ಏನೂ ಇಲ್ಲ. ನಾನು ಮನಸ್ಸಲ್ಲಿ ಇಟ್ಕೊಂಡಿಲ್ಲ."

"ದೊಡ್ಡ ಮನುಷ್ಯರು ನೀವು" ಎಂದು ಪರಮಶಿವಯ್ಯ ಅವನ ಕೈ ಹಿಡಿದುಕೊಂಡ.

ವಾಪಸ್ಸು ಬರುವ ಬಸ್ಸಿನಲ್ಲಿ ಖುರ್ಷಿದಾ, ಪಕ್ಕದವರಿಗೆ ತಿಳಿಯದಂತೆ ಮನೆಮಾತಿನಲ್ಲಿ ಕೇಳಿದಳು: "ದೊಡ್ಡ ಮನಸ್ಸು ಮಾಡಿ ಮಾಫಿ ಮಾಡಿದ್ರಿ. ಯಾರ ಸಾಲ ಅದು, ಯಾರು ಮಾಫಿ ಮಾಡಿದ್ದು?"

ಅಜ್ಮತುಲ್ಲಾ ಕಿಟಕಿಯ ಆಚೆ ನೋಡುತ್ತಿದ್ದ. "ನೀನೇ ಹೇಳಬಹುದಿತ್ತಲ್ಲ" ಎಂದ ಕೊನೆಗೆ.

"ನಾನು ಹೇಳಿದ್ರೆ ಚಾಡಿ. ನೀವು ಹೇಳಿದ್ರೆ ಮಾತು."

ನೂರಿ ಚೇತರಿಸಿಕೊಂಡಿತು. ಚಪ್ಪರದಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ತೋಟಕ್ಕೆ ಮೆಲ್ಲಗೆ ಹೆಜ್ಜೆ ಹಾಕತೊಡಗಿತು. ಮಾರ್ಗಶಿರದ ಒಂದು ಸಂತೆಯ ದಿನ ಪರಮಶಿವಯ್ಯ ಸ್ಟೇಷನ್ನಿನ ಹತ್ತಿರ ಟೀ ಕುಡಿಯುತ್ತಾ ಆ ಸುದ್ದಿ ಹೇಳಿದ. ಹೇಳಿ ಲೋಟ ಕೆಳಗಿಟ್ಟು, "ಕುದುರೆ ಸರಿಹೋಯ್ತು. ಮನೆಯೋಳೇ ಸರಿಹೋಗ್ಲಿಲ್ಲ" ಎಂದ.

"ಯಾಕೆ?"

"ಕೊಟ್ಟಿಗೆ ಕಡೆ ತಲೆ ಹಾಕಲ್ಲ. ನನ್ನ ಕೈ ಒಳ್ಳೇದಲ್ಲ, ಶಿವ ತನ್ನ ದಿನವೇ ನನ್ನ ಕೈಯಿಂದ ಹಿಂಗೆ ಮಾಡಿಸ್ದ ಅಂತಾಳೆ. ಎತ್ತಿಗೂ ಮೇವು ನಾನೇ ಹಾಕ್ತಿದೀನಿ. ನಾನೂ ಅವತ್ತು ನಾಲ್ಕು ಮಾತು ಅಂದ್ಬಿಟ್ಟೆ ಅನ್ನಿ."

ಅಜ್ಮತುಲ್ಲಾ ಟೀ ಮುಗಿಸಿದ. ಹೇಳುವುದಕ್ಕೆ ಬಾಯಿ ತೆರೆದ. ಅಷ್ಟರಲ್ಲಿ ಸ್ಟ್ಯಾಂಡಿನವರು ಯಾರೋ ಕರೆದರು. ಕರೆಯದಿದ್ದರೂ ಹೇಳುತ್ತಿದ್ದನೆಂದು ಅವನಿಗೇ ಖಾತ್ರಿಯಿರಲಿಲ್ಲ. ಮನೆಗೆ ಬಂದು ಊಟ ಮಾಡುವಾಗ ಹೆಂಡತಿಗೆ ಎಲ್ಲ ಹೇಳಿದ.

ಸಂಕ್ರಾಂತಿ ಕಳೆದು ಕುದುರೆ ತರುವ ದಿನ ಬಂತು. ಮಂಗಳವಾರ ಹೋಗುತ್ತೇನೆಂದ ಅಜ್ಮತುಲ್ಲಾ.

"ಸೋಮವಾರ ಹೋಗಿ," ಎಂದಳು ಖುರ್ಷಿದಾ.

"ಸೋಮವಾರ ಅವರು ಗಾಡಿ ಕಟ್ಟಲ್ಲ."

"ಅದಕ್ಕೇ. ಕಟ್ಟೋಕಾಗಲ್ಲ, ಕೂತು ಮಾತಾಡೋಕಾಗುತ್ತೆ." ಚಿಕ್ಕ ಡಬ್ಬವನ್ನು ಬೂದಿ ಹಾಕಿ ಬೆಳಗಿ, ಬಟ್ಟೆಯಲ್ಲಿ ಸುತ್ತಿ ಅವನ ಕೈಗಿಟ್ಟಳು. "ಇದನ್ನ ಆ ಅಮ್ಮನಿಗೆ ಕೊಡಿ. ಏನಿದು ಅಂತ ಕೇಳ್ತಾರೆ."

ಗುಬ್ಬಿಯ ಮನೆಯಲ್ಲಿ ಪರಮಶಿವಯ್ಯ ಜಗಲಿಯ ಮೇಲೆ ಕಂಬಳಿ ಹಾಸಿದ. ಸರ್ವಮಂಗಳ ನೀರು ಬೆಲ್ಲ ತಂದಿಟ್ಟು ಬಾಗಿಲ ಮರೆಗೆ ಸರಿದಳು. ಅವಳ ಮುಖ ಇಳಿದಿತ್ತು. ಅಜ್ಮತುಲ್ಲಾ ಬಟ್ಟೆ ಬಿಚ್ಚಿ ಡಬ್ಬವನ್ನು ಹೊಸ್ತಿಲ ಮುಂದೆ ಇಟ್ಟ.

"ಏನಿದು?" ಎಂದಳು ಸರ್ವಮಂಗಳ.

"ನಿಮಗೆ ಸೇರಬೇಕಾದ್ದು. ಶ್ರಾವಣದಲ್ಲೇ ಕೊಡಬೇಕಿತ್ತು." ಅವನು ಕೋಲಿನ ತುದಿಯಿಂದ ನೆಲ ಕೆದಕಿದ. "ಕಟ್ಟದ ದಿನ ಇದರಲ್ಲಿ ಅಳೀಬೇಕು ಅಂತ ನಮ್ಮ ಮನೆಯೋಳು ಹೇಳಿ ಕಳಿಸಿದ್ಲು. ನಾನು ಗಾಡಿ ಪೆಟ್ಟಿಗೇಲಿ ಬಚ್ಚಿಟ್ಟೆ. ನೀವು ಬಾಯ್ತುಂಬ ಕೇಳಿದ್ರಿ, ಸೋಮವಾರಕ್ಕೆ ಬೇರೆ ಉಂಟಾ ಅಂತ. ಇಲ್ಲ ಅಂದೆ. ಜಿಪುಣರು ಅಂದ್ಕೊಂಡೀರಿ ಅಂತ ನಾಚಿಕೆ ಆಯ್ತು. ಕುದುರೆ ಸೊಂಟ ಹಿಡಿಸಿದ್ದು ನಾನು ತಾಯಿ. ನಿಮ್ಮ ಕೈಯಲ್ಲ."

ಪರಮಶಿವಯ್ಯ ಬಾಯಿಗೆ ಹಾಕಿಕೊಳ್ಳುತ್ತಿದ್ದ ಅಡಿಕೆ ಕೈಯಲ್ಲೇ ಉಳಿಯಿತು. ಸರ್ವಮಂಗಳ ಬಾಗಿಲಿನಿಂದ ಈಚೆ ಬಂದಳು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?" ಎಂದಳು. "ನಮ್ಮ ಹಸು ಗೌರಿ ಕರು ಹಾಕ್ತು. ಅದರ ಚೊಚ್ಚಲು. ನಾನು ಹತ್ರ ಹೋಗ್ಲಿಲ್ಲ, ನನ್ನ ಕೈ ಸೋಕಿದ್ರೆ ಏನಾಗುತ್ತೋ ಅಂತ. ಅದು ಒಳಗಿಂದ ಕೂಗ್ತಿತ್ತು, ನಾನು ಅಡುಗೆಮನೇಲಿ ಕಿವಿ ಮುಚ್ಕೊಂಡು ಕೂತಿದ್ದೆ. ಋಣ ಇಲ್ಲ ಬಿಡಿ ಅಂದ್ರಲ್ಲ ಅವತ್ತು, ದೊಡ್ಡ ಮನುಷ್ಯರ ಹಂಗೆ!"

ಅಜ್ಮತುಲ್ಲಾ ತಲೆ ತಗ್ಗಿಸಿ ಕೂತ. ಪರಮಶಿವಯ್ಯ, "ಹೋಗ್ಲಿ ಬಿಡೇ..." ಎಂದು ಶುರುಮಾಡಿದವನು ಅವಳು ತಿರುಗಿ ನೋಡಿದ ರೀತಿಗೆ ಸುಮ್ಮನಾದ. "ನಾನೂ ಅನ್ನಬಾರದಿತ್ತು" ಎಂದ, ಅಡಿಕೆಯನ್ನು ಸಂಚಿಗೆ ವಾಪಸ್ಸು ಹಾಕುತ್ತಾ.

ಹಿತ್ತಲಿಂದ ನೂರಿ ಕೆನೆಯಿತು. ಮೇವಿನ ಹೊತ್ತಾಗಿತ್ತು.

ಸರ್ವಮಂಗಳ ಬಗ್ಗಿ ಡಬ್ಬ ಎತ್ತಿಕೊಂಡು, ನೆಗ್ಗಿದ ಅಂಚನ್ನು ಬೆರಳಿಂದ ಸವರಿ, ಕೊಟ್ಟಿಗೆಗೆ ಹೋದಳು. ಗಂಡಸರಿಬ್ಬರೂ ಎದ್ದು ಹಿಂದೆ ಹೋದರು. ಅವಳು ಬೆಂದ ಹುರುಳಿಯ ಪಾತ್ರೆಯಿಂದ ಚಿಕ್ಕ ಡಬ್ಬ ತುಂಬಿ, ಅಂಚು ಮೀರದಂತೆ ಅಂಗೈಯಿಂದ ಸಮ ಮಾಡಿ ಬಾನಿಗೆ ಸುರಿದಳು. ನೂರಿ ಒಂದೇ ಉಸಿರಿಗೆ ಮುಗಿಸಿ, ಮತ್ತೆ ಬೇಕೆಂದು ಅವಳ ಕೈ ತಳ್ಳಿತು.

"ಇಲ್ಲ ಕಣೇ, ಇವತ್ತು ಇಷ್ಟೇ" ಎಂದಳು ಸರ್ವಮಂಗಳ. ಹುಲ್ಲು ಎಳೆದು ಹಾಕಿ, ಪಕ್ಕದಲ್ಲಿ ಕಟ್ಟಿದ್ದ ಗೌರಿಯ ಕೊರಳಡಿಯ ಗಂಗೆದೊಗಲು ತುರಿಸಿದಳು. ಕರು ಎದ್ದು ಬಂದು ಅವಳ ಸೆರಗು ಬಾಯಿಗೆ ಹಾಕಿಕೊಂಡಿತು. ತಿರುಗದೆಯೇ ಅಜ್ಮತುಲ್ಲಾನನ್ನು ಕೇಳಿದಳು: "ನಾಳೆ ಗಾಡಿ ಕಟ್ಟೋ ಮುಂಚೆ ಇದನ್ನ ಬರಿಮೈಯಲ್ಲಿ ನಡೆಸ್ಬೇಕಾ?"

"ಹೂಂ ತಾಯಿ. ಮೈ ಬೆಚ್ಚಗಾಗೋವರೆಗೆ."

"ಬೇಗಮ್ಮೋರಿಗೆ ಹೇಳಿ, ಡಬ್ಬ ನಂಗೆ ಬೇಕು, ವಾಪಸ್ ಕೊಡಲ್ಲ ಅಂತ. ಬರೋ ವರ್ಷ ನಾವೂ ಒಂದು ಕುದುರೆ ಕಟ್ತೀವಿ."

"ಯಾರು ಹೇಳಿದ್ದು?" ಎಂದ ಪರಮಶಿವಯ್ಯ.

"ನಾನು" ಎಂದಳು ಅವಳು.

ಮಂಗಳವಾರ ಸಂಜೆ ನೂರಿ ಖಾಲಿ ಜಟಕಾ ಎಳೆದುಕೊಂಡು ಉಪ್ಪಾರಹಳ್ಳಿಯ ಓಣಿಗೆ ತಿರುಗಿತು. ಖುರ್ಷಿದಾ ಮೊದಲು ಅದರ ಸೊಂಟ ಮುಟ್ಟಿ ನೋಡಿದಳು, ಆಮೇಲೆ ಗೊರಸು, ಆಮೇಲೆ ಹಣೆಯ ಮೇಲೆ ಉಳಿದಿದ್ದ ವಿಭೂತಿ. ಅದನ್ನು ಒರೆಸಲಿಲ್ಲ. ಗೋಣಿಚೀಲದಲ್ಲಿ ದೊಡ್ಡ ಡಬ್ಬ ಒಂದೇ ಇರುವುದನ್ನು ಕಂಡು, ಅದನ್ನೇ ತೆಗೆದು ಗೂಡಿನಲ್ಲಿಟ್ಟಳು.

ಶುಕ್ರವಾರ ನಮಾಜಿಗೆ ಹೊರಡುವ ಮುಂಚೆ ಅಜ್ಮತುಲ್ಲಾ ಲಾಯಕ್ಕೆ ಬಂದು ಡಾಲ್ಡಾ ಡಬ್ಬ ಕೈಗೆತ್ತಿಕೊಂಡ. ಹುರುಳಿಯ ಪಾತ್ರೆಯ ಮುಂದೆ ಕಷ್ಟಪಟ್ಟು ಕೂತು, "ಎಲ್ಲಿವರೆಗೆ?" ಎಂದು ಕೇಳಿದ.

"ಡಬ್ಬದ ಹೊರಗಡೆ ಮರದ ಚಿತ್ರ ಇದೆಯಲ್ಲ, ಅದರ ಬುಡದವರೆಗೆ, ಅರ್ಧಕ್ಕೆ ಬರುತ್ತೆ" ಎಂದಳು ಖುರ್ಷಿದಾ, ಹುಲ್ಲು ಕೊಡವುತ್ತಾ.

ಅವನು ತುಂಬಿ ಎತ್ತಿ ಹಿಡಿದು ನೋಡಿ, ಒಂದು ಹಿಡಿ ಹೆಚ್ಚಾಗಿದ್ದನ್ನು ಪಾತ್ರೆಗೆ ವಾಪಸ್ಸು ಸುರಿದ.